ದೋಣಿಗೆ ಚಕ್ಕುಬಂದಿ

ನನಗೆ ನೀರೆಂದರೆ ಭಯ. ಈ ಮಾತನ್ನು ನಿಮಗೆ ಹೇಳುತ್ತಿದ್ದೇನೆಯೇ ಹೊರತು ಹೆಂಡತಿ ಗಿರಿಜೆಗೆ ಇದುವರೆಗೂ ಹೇಳಿಲ್ಲ. ಕಡೂರಿನಲ್ಲಿ ಹುಟ್ಟಿ, ಅಜ್ಜಂಪುರದಲ್ಲಿ ಸರ್ವೇಯರ್ ಆಗಿ ನಿವೃತ್ತನಾದವನಿಗೆ ಅದನ್ನು ಮುಚ್ಚಿಡುವುದು ಕಷ್ಟವೇನಲ್ಲ. ನಮ್ಮ ವೇದಾವತಿ ನಕ್ಷೆಯಲ್ಲಿ ನದಿ. ಸ್ಥಳಕ್ಕೆ ಹೋಗಿ ನೋಡಿದರೆ ಬಹುತೇಕ ಮರಳು. ಅದರ ನಟ್ಟನಡುವೆ ನಿಂತು ನಾನು ಧೈರ್ಯವಾಗಿ ಅಳತೆ ಸರಪಳಿ ಎಳೆದಿದ್ದೇನೆ.

ಆದರೆ ಈ ಸಲ ಗಿರಿಜೆ ಪಟ್ಟು ಹಿಡಿದಳು. "ರೀ, ಎರಡು ದಿನ ದೋಣೀಲಿ ಕೂತು ಸುಮ್ನೆ ನೀರು ನೋಡ್ಬೇಕು ಕಣ್ರೀ. ಮದ್ವೆ ಆದಾಗಿಂದ ಕೇಳ್ತಾ ಇದೀನಿ. ಮಂಡಿ ಹಿಡ್ಕೊಂಡ್ಬಿಟ್ರೆ ಆಮೇಲೆ ನನ್ನ ಯಾರು ಹತ್ತಿಸ್ತಾರೆ?"

ಇಲ್ಲ ಎನ್ನುವ ಧೈರ್ಯ ನನಗೆಲ್ಲಿಯದು? ಸರ್ಕಾರಿ ನೌಕರ ಮಾಡುವುದನ್ನೇ ಮಾಡಿದೆ. ವಿಷಯವನ್ನು ಪರಿಶೀಲನೆಗೆ ತೆಗೆದುಕೊಂಡೆ. ತರೀಕೆರೆಯ ಟ್ರಾವೆಲ್ಸ್ ಅಂಗಡಿಯಿಂದ ಬಣ್ಣದ ಹಾಳೆಗಳನ್ನು ತಂದು, ಒಂದೊಂದು ದೋಣಿಗೂ ಚಕ್ಕುಬಂದಿ ಬರೆದೆ. ನಾಲ್ಕು ದಿಕ್ಕಿಗೆ ಏನೇನಿದೆ ಎಂದು ಬರೆದುಕೊಳ್ಳದೆ ನನಗೆ ಯಾವುದೂ ತಲೆಗೆ ಹತ್ತುವುದಿಲ್ಲ.

ಕೇರಳದ ಹೌಸ್‌ಬೋಟು: ಪೂರ್ವಕ್ಕೆ ತೆಂಗು, ಪಶ್ಚಿಮಕ್ಕೆ ತೆಂಗು, ಉತ್ತರಕ್ಕೂ ತೆಂಗು, ದಕ್ಷಿಣಕ್ಕೆ ಅಡುಗೆಮನೆ. "ತೆಂಗಿನಮರ ನೋಡೋಕೆ ಕಡೂರಿನವರು ಅಲ್ಲೀವರೆಗೂ ಹೋಗ್ಬೇಕೇನೇ?" ಎಂದೆ. ಗಂಗೆಯ ಮೇಲಿನ ಮೂರಂತಸ್ತಿನ ಹಡಗಿನಲ್ಲಿ ಮೆತ್ತನೆ ಹಾಸಿಗೆ, ಊಟದ ಹಾಲ್, ಸಂಜೆಗೆ ಸಂಗೀತ ಎಲ್ಲ ಇತ್ತು. ಪರದೆ ಎಳೆದರೆ ನೀರೇ ಕಾಣುವುದಿಲ್ಲ ಎಂಬ ಕಾರಣಕ್ಕೆ ನನ್ನ ಮನಸ್ಸು ಅತ್ತ ವಾಲಿತು. "ಹಂಗಾದ್ರೆ ಕಡೂರಿನ ಲಾಡ್ಜಲ್ಲೇ ಇದ್ಬಿಡಣ ಬಿಡಿ" ಎಂದಳು. ಉಳಿದದ್ದು ಬ್ರಹ್ಮಪುತ್ರದ ಸಣ್ಣ ದೋಣಿ. ನಾಲ್ಕು ದಿಕ್ಕಿಗೂ ನೀರು. ಆ ಹಾಳೆಯನ್ನು ಎಲ್ಲಕ್ಕಿಂತ ಕೆಳಗಿಟ್ಟೆ.

ನೀವೇ ಯೋಚಿಸಿ. ಹಿಂದಿನವರು ಆಚೆ ದಡ ಸೇರಲಿಕ್ಕೆ ದೋಣಿ ಹತ್ತುತ್ತಿದ್ದರು. ಈಗ ಹತ್ತಿಸಿಕೊಂಡ ಕಡೆಗೇ ತಂದು ಇಳಿಸಿ, ಅದನ್ನು ವಿಹಾರ ಎನ್ನುತ್ತಾರೆ. ಈ ವಾದವನ್ನು ಗಿರಿಜೆಯ ಮುಂದೆ ವಿಸ್ತಾರವಾಗಿಯೇ ಇಟ್ಟೆ. ಅವಳು ಅವರೆಕಾಯಿ ಸುಲಿಯುತ್ತ ಪೂರ್ತಿ ಕೇಳಿಸಿಕೊಂಡಳು. ಗೆದ್ದೆ ಎಂದುಕೊಂಡೆ.

ವಾರ ಕಳೆದ ಮೇಲೆ ಹೇಳಿದಳು: "ಬುಕ್ ಮಾಡ್ಸಿದೆ ಕಣ್ರೀ. ಅದೇ, ಕೆಳಗಿಟ್ಟಿದ್ರಲ್ಲ, ಬ್ರಹ್ಮಪುತ್ರದ್ದು. ನಂಗೂ ನನ್ ತಂಗಿಗೂ."

"ಮತ್ತೆ ನಾನು?"

"ನಿಮಗೆ ನೀರಂದ್ರೆ ಭಯ ಅಲ್ವಾ? ಮದ್ವೆ ಆದ ವರ್ಷ ಅಯ್ಯನಕೆರೆ ಏರಿ ಮೇಲೆ ನನ್ ಕೈ ಗಟ್ಟಿಯಾಗಿ ಹಿಡ್ಕೊಂಡ್ರಿ. ಪ್ರೀತಿ ಅಂದ್ಕೊಂಡೆ. ಏರಿ ಮುಗೀತಿದ್ದಂಗೇ ಬಿಟ್ಬಿಟ್ರಿ. ಆವತ್ತೇ ಗೊತ್ತಾಯ್ತು. ನಿಮಗೆ ನಾಚಿಕೆ ಆಗ್ಬಾರ್ದು ಅಂತ ಇಷ್ಟು ವರ್ಷ ಬಲವಂತ ಮಾಡ್ಲಿಲ್ಲ."

ಅಯ್ಯೋ ರಾಮ! ಅವಳು ಅಂಜಿಕೊಂಡಿದ್ದ ನಾಚಿಕೆ ಆಗಲೇ ಆಗಿಹೋಯಿತು. ನಾನು ಮುಚ್ಚಿಟ್ಟಿದ್ದೆ ಎಂದುಕೊಂಡದ್ದನ್ನು ಇಷ್ಟು ವರ್ಷ ಮುಚ್ಚಿಟ್ಟವಳು ಅವಳು, ಅದೂ ತನ್ನ ಆಸೆಯನ್ನು ಅದುಮಿಕೊಂಡು.

ಮಾರನೆಯ ಬೆಳಗ್ಗೆ ಮೊದಲ ಬಸ್ಸಿಗೇ ತರೀಕೆರೆಗೆ ಹೋಗಿ, ಆ ದೋಣಿಯಲ್ಲಿ ಇನ್ನೊಂದು ಸೀಟು ಇದೆಯೇ ಎಂದು ಕೇಳಿದೆ. ದುರದೃಷ್ಟಕ್ಕೆ ಇತ್ತು.

"ಕಿಟಕಿ ಪಕ್ಕ ಹಾಕ್ಲಾ ಸಾರ್?" ಎಂದ ಅಂಗಡಿಯವನು.

"ಬೇಡಪ್ಪ" ಎಂದೆ. "ನಮ್ಮನೆಯವರ ಕೈಗೆಟುಕೋ ಹಾಗೆ ಎಲ್ಲಾದ್ರೂ ಹಾಕು."