ತತ್ತಿಯ ಪಕ್ಕದಲ್ಲಿ ಸತ್ಕಾರ

ಹಕ್ಕಿ ನೋಡಲು ಹೋಗುವಾಗ ಏನೇನು ಒಯ್ಯಬೇಕು? ದುರ್ಬೀನು, ನೀರಿನ ಬಾಟಲಿ, ಸ್ವಲ್ಪ ಮೌನ. ನಮ್ಮ ಗೋಕಾಕದ ಗೆಳೆಯರ ಬಳಗ ಕಳೆದ ಭಾನುವಾರ ಒಯ್ದದ್ದು ಮೈಕ್‌ಸೆಟ್, ಜಮಖಾನೆ, ಒಂದು ಬುಟ್ಟಿ ಹಾರ. (ದುರ್ಬೀನೂ ಇತ್ತು. ಅದು ಚೀಲದೊಳಗೆ ಭದ್ರವಾಗಿತ್ತು.)

ಯುಗಾದಿ ಮುಗಿದಿದೆ, ಬೇವು ಹೂಬಿಟ್ಟಿದೆ. ಹಿಡಕಲ್ ಹಿನ್ನೀರಿನ ದಂಡೆಯ ಕುರುಚಲು ಕಾಡಿನಲ್ಲಿ ಹಕ್ಕಿಗಳು ತತ್ತಿಯಿಡುವ ಕಾಲ. ನಸುಕಿಗೇ ಹೊರಡಬೇಕೆಂದು ನಿಶ್ಚಯವಾಗಿತ್ತು. ನಸುಕಿಗೆ ಎದ್ದೆವು ಕೂಡ. ಆಮೇಲೆ ಚಹಾ, ಉಪ್ಪಿಟ್ಟು, ಮತ್ತೆ ಚಹಾ. ನಾವು ತಲುಪುವಷ್ಟರಲ್ಲಿ ಬಿಸಿಲು ನೆತ್ತಿ ಸುಡುತ್ತಿತ್ತು, ಬುದ್ಧಿಯಿದ್ದ ಹಕ್ಕಿಗಳೆಲ್ಲ ನೆರಳು ಸೇರಿದ್ದವು.

ಹೋದೊಡನೆ ಹಕ್ಕಿ ನೋಡುವುದುಂಟೇ? ನಮ್ಮ ಕಡೆ ಸತ್ಕಾರವಾಗದೆ ಯಾವ ಕಾರ್ಯಕ್ರಮವೂ ಶುರುವಾಗುವುದಿಲ್ಲ. ಬಳಗದ ಯಜಮಾನ ಈರಪ್ಪಣ್ಣ ಬಯಲಲ್ಲಿ ಜಮಖಾನೆ ಹಾಸಿಸಿ, ಹಕ್ಕಿಗಳ ಬಗ್ಗೆ ಬಲ್ಲವರೆಂದು ಮೂಡಲಗಿಯಿಂದ ಕರೆತಂದಿದ್ದ ಮಾಸ್ತರರನ್ನು ನಡುವೆ ಕೂರಿಸಿ ಶಾಲು ಹೊದಿಸಿದ. ಮಾಸ್ತರರಿಗೆ ಹಾರ ಹಾಕಿ ಪಕ್ಕದವರನ್ನು ಬಿಡಲಾದೀತೇ? ಅವರಿಗೂ ಹಾಕಿ ಜೀಪು ಕೊಟ್ಟವರನ್ನು ಬಿಟ್ಟರೆ ಸಿಟ್ಟು. (ನನಗೂ ಒಂದು ಬಿತ್ತು. ಬೇಡ ಎನ್ನಲು ನಾನೇನು ಸನ್ಯಾಸಿಯೇ?)

ಅಷ್ಟರಲ್ಲಿ ಒಂದು ಟಿಟ್ಟಿಭ ಹಕ್ಕಿ ಕಿರುಚುತ್ತ ನಮ್ಮ ತಲೆಯ ಮೇಲೆ ಸುತ್ತತೊಡಗಿತು. ಮೈಕನ್ನೂ ಮೀರಿಸಿದ ದನಿ.

"ನೋಡ್ರಿ, ಹಕ್ಕಿನೂ ನಮ್ಮನ್ನ ಸ್ವಾಗತ ಮಾಡಾಕತ್ತೈತಿ!" ಎಂದ ಈರಪ್ಪಣ್ಣ. ಚಪ್ಪಾಳೆ!

"ಸ್ವಾಗತ ಎಲ್ಲೀದ್ರಿ? ಬೈಯಾಕತ್ತೈತಿ," ಎಂದಳು ನನ್ನ ಹೆಂಡತಿ ಶಾಂತಾ.

ಮಾಸ್ತರರಿಗೂ ಅದು ತಿಳಿದಿತ್ತು, ಪಾಪ. "ಇಲ್ಲೇ ಎಲ್ಲೋ ತತ್ತಿ..." ಎಂದು ಏಳಲು ಹೋದಾಗಲೆಲ್ಲ ಇನ್ನೊಬ್ಬರು ಹಾರ ಹಾಕಿ ಕೂರಿಸಿಬಿಡುತ್ತಿದ್ದರು.

ಹುಡುಕಿದ್ದು ಶಾಂತಾ. ಮೈಕಿನ ಕಂಬದಿಂದ ಮಾರು ದೂರದಲ್ಲಿ, ಬರೀ ನೆಲದ ಮೇಲೆ, ಕಲ್ಲುಗಳ ನಡುವೆ ಕಲ್ಲಿನಂಥವೇ ನಾಲ್ಕು ತತ್ತಿ. ನಾವು ಏಳದೆ ತಾಯಿ ಬಂದು ಕೂರುವಂತಿಲ್ಲ. ಅದು ಕೂತು ನೆರಳು ಕೊಡದಿದ್ದರೆ ಆ ಬಿಸಿಲಿಗೆ ಒಳಗಿನ ಮರಿಗಳು ಬೆಂದೇ ಹೋಗುತ್ತವೆ.

"ಏಳ್ರಿ ಎಲ್ಲಾರೂ! ತತ್ತಿ ಸುಡಾಕತ್ತಾವು!" ಎಂದು ಶಾಂತಾ ಕೂಗಿದಳು.

"ವೈನಿ, ಇನ್ನ ಮೂರು ಮಂದಿ ಸತ್ಕಾರ ಉಳದೈತ್ರಿ," ಎಂದ ಈರಪ್ಪಣ್ಣ. "ನಡುವ ನಿಲ್ಲಿಸಿದ್ರ ಅವರಿಗೆ ಅಪಮಾನ ಆಗೂದಿಲ್ಲೇನ್ರಿ?"

ಹಾರವಿಲ್ಲದೆ ಸತ್ತವರನ್ನು ನಾನಂತೂ ಕಂಡಿಲ್ಲ. ಆದರೆ ಆ ಮೂವರೂ ಕೊರಳು ಚಾಚಿ ಕೂತೇ ಇದ್ದರು.

ಶಾಂತಾ ವಾದಕ್ಕಿಳಿಯಲಿಲ್ಲ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆಯ ಬುತ್ತಿಗಂಟನ್ನು ಸೊಂಟಕ್ಕೇರಿಸಿಕೊಂಡು ದೂರದ ಬೇವಿನ ಮರದತ್ತ ನಡೆದೇಬಿಟ್ಟಳು. ಏನು ಹೇಳಲಿ! ಪಕ್ಷಿಪ್ರೇಮಿಗಳ ಹಿಂಡಿಗೆ ಹಿಂಡೇ ಅವಳ ಹಿಂದೆ ಎದ್ದಿತು. ಸತ್ಕಾರ ಉಳಿದ ಮೂವರು ಎಲ್ಲರಿಗಿಂತ ಮುಂದಿದ್ದರು.

ಮರದ ಕೆಳಗೆ ಮಾಸ್ತರರು ಕೊನೆಗೂ ದುರ್ಬೀನು ತೆಗೆದರು. ಟಿಟ್ಟಿಭ ಹಿನ್ನೀರಿಗೆ ಹೋಗಿ ಹೊಟ್ಟೆಯ ಗರಿ ತೋಯಿಸಿಕೊಂಡು ಬಂತು. ಅತ್ತಿತ್ತ ನೋಡಿ, ಮೆಲ್ಲಗೆ ತತ್ತಿಗಳ ಮೇಲೆ ಕೂತಿತು.

"ತಂಪು ಮಾಡಾಕತ್ತೈತಿ. ಉಳೀತಾವ ಅನಸ್ತೈತಿ," ಎಂದರು ಮಾಸ್ತರರು. ಶಾಂತಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾವೆಲ್ಲ ಒಂದು ಗಳಿಗೆ ಸುಮ್ಮನಾದೆವು (ಬಾಯಲ್ಲಿ ಹೋಳಿಗೆಯಿತ್ತು).

ಈರಪ್ಪಣ್ಣನ ಕರುಳೂ ಚುರುಕ್ಕೆಂದಿತು. "ಪಾಪ, ಎಂಥಾ ಬಿಸಲಾಗ ಕುಂತೈತಿ ನೋಡ್ರಿ! ಮುಂದಿನ ವರ್ಷ ಅಲ್ಲೇ ದೊಡ್ಡ ಪೆಂಡಾಲ ಹಾಕಸೂಣು. ಅದಕ್ಕೂ ನೆರಳಾಗ್ತೈತಿ."

ಆ ತಾಯಿಗೆ ಈ ಸುದ್ದಿಯನ್ನು ಈಗಲೇ ಮುಟ್ಟಿಸುವವರು ಯಾರು?