ಹಡಗಿಗೆ ಕಟ್ಟಿದ ಗಂಟುಮೂಟೆ

ನಾನು ಪೆಟ್ಟಿಗೆ ತುಂಬಲು ಶುರುಮಾಡಿ ಇವತ್ತಿಗೆ ಹನ್ನೊಂದು ದಿನ. ಹೋಗುವುದು ಮಾತ್ರ ಮೂರು ರಾತ್ರಿಯ ಮಟ್ಟಿಗೆ. ಹೆಂಡತಿ ವನಜ ನಾಲ್ಕು ದಿನ ಸುಮ್ಮನೆ ನೋಡಿದಳು. ಐದನೆಯ ದಿನ ಚಾವಡಿಯಲ್ಲಿ ಕಾಲಿಡಲು ಜಾಗ ಸಿಗದೆ ಬಾಗಿಲಲ್ಲೇ ನಿಂತು, "ಹ್ವಾಯ್, ನೀವ್ ಹಡ್ಗ್ ಹತ್ತುದಾ, ಮನಿ ಖಾಲಿ ಮಾಡುದಾ?" ಎಂದು ಕೇಳಿದಳು. ಆಗ ನಾನು ಎರಡನೆಯ ಟಾರ್ಚಿಗೆ ಬ್ಯಾಟರಿ ಹಾಕಿ ಹತ್ತುತ್ತದೋ ಇಲ್ಲವೋ ಎಂದು ಪರೀಕ್ಷಿಸುತ್ತಿದ್ದೆ.

ಈ ಹಡಗಿನ ಯೋಗ ನಮ್ಮ ತಲೆಗೆ ಬಂದದ್ದು ತಂಗಿ ಸುಮತಿಯಿಂದ. ಅವಳ ಗಂಡನಿಗೆ ಡೊಂಬಿವಲಿಯಲ್ಲಿ ಹೋಟೆಲು. ಮದುವೆಯಾಗಿ ಇಪ್ಪತ್ತೈದು ವರ್ಷವಾಯಿತೆಂದು ಭಾವ ಉದಾರಿಯಾಗಿ, ನನಗೆ, ವನಜೆಗೆ ಮತ್ತು ಎಂಬತ್ತು ದಾಟಿದ ನಮ್ಮ ಅಮ್ಮನಿಗೆ ಮುಂಬಯಿಯಿಂದ ಕೊಚ್ಚಿಯವರೆಗೆ ವಿಹಾರದ ಹಡಗಿನಲ್ಲಿ ಟಿಕೆಟು ಮಾಡಿಸಿಬಿಟ್ಟ. ಉಪ್ಪುಂದದವರು ಕೊಚ್ಚಿ ನೋಡಬೇಕಾದರೆ ಬೈಂದೂರಿನಲ್ಲಿ ರೈಲು ಹತ್ತಿ ದಕ್ಷಿಣಕ್ಕೆ ಹೋದರಾಯಿತು. ಉತ್ತರಕ್ಕೆ ಮುಂಬಯಿಯವರೆಗೆ ಹೋಗಿ, ಅಲ್ಲಿಂದ ಸಮುದ್ರದ ಮೇಲೆ ನಮ್ಮ ಊರನ್ನೇ ದಾಟಿಕೊಂಡು ಕೊಚ್ಚಿ ಸೇರುವುದನ್ನು ಮಜಾ ಅನ್ನುತ್ತಾರಂತೆ. ಟಿಕೆಟಿನ ಬೆನ್ನಿಗೇ ಸುಮತಿ ವಾಟ್ಸಾಪಿನಲ್ಲಿ ಒಂದು ಪಟ್ಟಿ ಕಳಿಸಿದಳು. ಅದರಲ್ಲಿ ತಂಪು ಕನ್ನಡಕ, ಬಿಸಿಲಿಗೆ ಹಚ್ಚುವ ಕ್ರೀಮು, ಈಜುಡುಪು, ರಾತ್ರಿಯ ಊಟಕ್ಕೆ ಬೇರೆ ಬಟ್ಟೆ, ಒಂದು ದಿನ ಎಲ್ಲರೂ ಉಡಬೇಕಾದ ಬಿಳಿ ಬಟ್ಟೆ ಎಲ್ಲ ಇದ್ದವು. ಬಿಳಿ ಬಟ್ಟೆಗೆ ನನಗೆ ತೊಂದರೆಯಿಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನ ಕಪಾಟಿನಲ್ಲಿ ಬೇರೆ ಬಣ್ಣ ಹುಡುಕಿದರೂ ಸಿಗುವುದಿಲ್ಲ. ಈಜುಡುಪಿನ ವಿಷಯ ಬಿಡಿ. ನಾನು ಸಮುದ್ರದ ದಂಡೆಯಲ್ಲಿ ಹುಟ್ಟಿ, ಮೊಣಕಾಲಿಗಿಂತ ಮೇಲೆ ಸಮುದ್ರವನ್ನು ಹತ್ತಿಸಿಕೊಳ್ಳದೆ ಅರವತ್ತೊಂದು ತುಂಬಿಸಿದವನು.

ಸುಮತಿಯ ಪಟ್ಟಿ ನನಗೆ ಸಾಲಲಿಲ್ಲ. ಹಡಗಿನಲ್ಲಿ ಕುಚ್ಚಲಕ್ಕಿ ಅನ್ನ ಸಿಗದಿದ್ದರೆ? ಅವಲಕ್ಕಿ ಸೇರಿಸಿದೆ. ಕರೆಂಟು ಹೋದರೆ? ಟಾರ್ಚು. ಆ ಟಾರ್ಚು ಕೈಕೊಟ್ಟರೆ? ಇನ್ನೊಂದು ಟಾರ್ಚು. ಹಡಗೇ ಕೈಕೊಟ್ಟರೆ? ಡ್ರಿಲ್ ಮಾಸ್ತರು ನಿವೃತ್ತಿಯಾದಾಗ ನೆನಪಿಗೆಂದು ಕೊಟ್ಟ ಸೀಟಿ ಮೇಜಿನ ಖಾನೆಯಲ್ಲಿತ್ತು. ತೊಳೆದು ಒಣಗಿಸಿ, ಕೊರಳಿಗೆ ಹಾಕಿಕೊಳ್ಳಲು ದಾರ ಕಟ್ಟಿದೆ. ನೀವು ನಗಬಹುದು. ಮುಳುಗುವಾಗ ಸೀಟಿ ಊದಿದರೆ ಯಾರು ಬರುತ್ತಾರೆ ಎಂದು ವನಜೆಯೂ ಕೇಳಿದಳು. ಯಾರೂ ಬಾರದಿದ್ದರೂ ಮೂವತ್ತು ವರ್ಷ ಆ ಶಬ್ದ ಕೇಳಿದ ನಾನಾದರೂ ಸಾಲಿನಲ್ಲಿ ನಿಲ್ಲುತ್ತೇನೆ.

ನನ್ನ ಈ ಸ್ವಭಾವ ಹಡಗಿನಿಂದ ಶುರುವಾದದ್ದಲ್ಲ. ವನಜೆಯ ತವರು ಬ್ರಹ್ಮಾವರ. ಅವಳ ಕಿರಿಯ ತಮ್ಮನ ಮದುವೆಗೆ ಹೊರಟವರು ಸಾಸ್ತಾನದ ಟೋಲಿನ ಸಾಲಿನಲ್ಲಿ ನಿಂತಿದ್ದಾಗ ನನಗೆ ಗ್ಯಾಸ್ ಬಂದ್ ಮಾಡಿದ ನೆನಪು ಬರಲಿಲ್ಲ. ಎಷ್ಟು ಯೋಚಿಸಿದರೂ ಬರಲಿಲ್ಲ. ಕಾರು ತಿರುಗಿಸಿ ಉಪ್ಪುಂದಕ್ಕೆ ಬಂದೆವು. ಗ್ಯಾಸು ಬಂದಾಗಿಯೇ ಇತ್ತು. ಅಲ್ಲಿ ಮುಹೂರ್ತಕ್ಕೆ ಎಲ್ಲರೂ ಅಕ್ಷತೆ ಹಾಕುವ ಹೊತ್ತಿಗೆ, ಮದುಮಗನ ಸ್ವಂತ ಅಕ್ಕ ಇಲ್ಲಿ ರೇಷ್ಮೆ ಸೀರೆ ಉಟ್ಟು ಗ್ಯಾಸಿನ ಒಲೆಯ ಮುಂದೆ ನಿಂತಿದ್ದಳು. ಅದಾಗಿ ಹಲವು ವರ್ಷವಾಯಿತು. ಈಗಲೂ ಸಾಸ್ತಾನ ಬಂದರೆ ಅವಳು ಕಿಟಕಿಯ ಕಡೆ ಮುಖ ತಿರುಗಿಸುತ್ತಾಳೆ.

ಹೊರಟಲ್ಲಿಂದ ತಿರುಗಿ ಬರುವುದು ನನ್ನ ಹಣೆಬರಹ ಎಂದೇ ನಾನು ತಿಳಿದಿದ್ದೆ. ಅದರ ಮೂಲ ಹೇಳಿಬಿಡುತ್ತೇನೆ. ಪೆಟ್ಟಿಗೆ ಕಟ್ಟಲು ಹನ್ನೊಂದು ದಿನ ಹಿಡಿದದ್ದರ ಗುಟ್ಟೂ ಅದರಲ್ಲೇ ಇದೆ. ಅಪ್ಪಯ್ಯ ಮೀನಿಗೆ ಹೋಗುತ್ತಿದ್ದರು. ನನಗೆ ಹನ್ನೆರಡು ತುಂಬಿದ ವರ್ಷ, ಮಳೆಗಾಲ ಮುಗಿದು ದೋಣಿ ಇಳಿಸಿದ ಮೊದಲ ದಿನ, ನನ್ನನ್ನೂ ಕರೆದುಕೊಂಡು ಹೋದರು. ಅಮ್ಮ ಬೆಳಗಿನ ಜಾವವೇ ಎದ್ದು ನನಗೆಂದು ಗಂಜಿ, ಚಟ್ನಿ, ಬೆಲ್ಲ ಹಾಕಿದ ಅವಲಕ್ಕಿ, ಹೊದೆಯಲು ಅವಳದೇ ಹಳೆಯ ಸೀರೆ ಎಲ್ಲ ಕಟ್ಟಿಕೊಟ್ಟಿದ್ದಳು. ದಡದ ಅಲೆಗಳನ್ನು ದಾಟುವವರೆಗೆ ನಾನು ರಾಜ. ದಾಟಿದ ಮೇಲೆ ಹೊಟ್ಟೆಯೊಳಗೆ ಇನ್ನೊಂದು ಸಮುದ್ರ ಎದ್ದಿತು. ಗಂಜಿ ಹೋಯಿತು, ಅವಲಕ್ಕಿ ಹೋಯಿತು, ಕೊನೆಗೆ ಹಳದಿ ನೀರೂ ಹೋಯಿತು. ಅಪ್ಪಯ್ಯ ನನ್ನ ಮುಖ ನೋಡಿ, "ಮಾಣಿಗ್ ಆತಿಲ್ಲೆ, ತಿರ್ಸಿ" ಎಂದರು. ದೋಣಿಯಲ್ಲಿದ್ದ ಅಷ್ಟೂ ಜನ ಬಲೆ ಒದ್ದೆ ಮಾಡದೆ ತಿರುಗಿ ಬಂದರು. ವರ್ಷದ ಮೊದಲ ದಿನ ಬರಿಗೈಯಲ್ಲಿ ಬಂದ ದೋಣಿಯನ್ನು ದಡದಲ್ಲಿ ಯಾರೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಕೇರಿಯ ಹುಡುಗರು ಮಾತ್ರ ಎಸ್ಸೆಸ್ಸೆಲ್ಸಿ ಮುಗಿಯುವವರೆಗೂ ನನ್ನನ್ನು ಕಂಡಾಗ ಹೊಟ್ಟೆ ಹಿಡಿದುಕೊಂಡು ಬಗ್ಗುತ್ತಿದ್ದರು. ಅಪ್ಪಯ್ಯ ಮತ್ತೆಂದೂ ಕರೆಯಲಿಲ್ಲ, ನಾನೂ ಕೇಳಲಿಲ್ಲ. ಓದಿದೆ, ಮಾಸ್ತರನಾದೆ. ಒಂಬತ್ತನೆಯ ತರಗತಿಗೆ ಕಿವಿಯ ಪಾಠ ಮಾಡುವಾಗ, ಒಳಗಿವಿಯ ದ್ರವ ಅಲುಗಿದರೆ ತಲೆ ತಿರುಗುತ್ತದೆ ಎಂದು ಪ್ರತಿ ವರ್ಷವೂ ವಿವರಿಸಿದೆ. ಆ ಪಾಠದ ದಿನ ನಾನು ಮಧ್ಯಾಹ್ನದ ಊಟ ಮಾಡುತ್ತಿರಲಿಲ್ಲ.

ಸಮುದ್ರ ದಾಟಬಾರದು ಎಂದು ಶಾಸ್ತ್ರದಲ್ಲಿ ಇದೆಯಂತೆ. ಬರೆದವರು ನಮ್ಮ ಕೇರಿಗೆ ಬಂದು ವಿಚಾರಿಸಿದಂತಿಲ್ಲ. ನಮ್ಮವರು ಅದನ್ನು ಪಾಲಿಸಿದ್ದರೆ ಅವರ ಕಾಲದವರಿಗೆ ಮೀನು ಸಿಗುತ್ತಿರಲಿಲ್ಲ. ಇತ್ತ ಬಸ್ರೂರಿಗೆ ಎಲ್ಲೆಲ್ಲಿಯ ಹಡಗುಗಳು ಬಂದು ಅಕ್ಕಿ, ಮೆಣಸು ತುಂಬಿಕೊಂಡು ಹೋದವೆಂದು ಚರಿತ್ರೆಯ ಮಾಸ್ತರು ಪಾಠ ಮಾಡುತ್ತಿದ್ದರು. ಆ ನಾವಿಕರಲ್ಲಿ ಎಷ್ಟು ಜನ ಕಟಕಟೆ ಹಿಡಿದು ಬಗ್ಗಿದರು ಎಂದು ಯಾವ ಚರಿತ್ರೆಯೂ ಬರೆದಿಡಲಿಲ್ಲ. ನನಗೆ ಬೇಕಾಗಿದ್ದುದು ಅದೊಂದೇ ಸಂಗತಿ.

ಇಷ್ಟು ಹೆದರಿಕೆಯಿದ್ದರೆ ಬರುವುದಿಲ್ಲ ಎನ್ನಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಅಡ್ಡ ಬಂದದ್ದು ಅಮ್ಮ. ನಮ್ಮಲ್ಲಿ ಹೆಂಗಸರು ದೋಣಿ ಹತ್ತುವ ಪದ್ಧತಿ ಇರಲಿಲ್ಲ. ಅಮ್ಮ ಬದುಕಿಡೀ ಸಮುದ್ರದ ಮೀನು ಬುಟ್ಟಿಯಲ್ಲಿ ಹೊತ್ತು ಮನೆಮನೆಗೆ ಮಾರಿದವಳು, ಸಮುದ್ರದಲ್ಲಿ ಒಂದು ಗಳಿಗೆ ಕೂತವಳಲ್ಲ. ಅಪ್ಪಯ್ಯ ಮಾತ್ರ ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದರು: "ಒತ್ತಿನೆಣಿ ತಲಿ ಮೇಲ್ ಕೊಡ್ಚಾದ್ರಿ ಕೂತ್ರೆ, ಮನಿ ಬಂತ್ ಅಂದ್ಕಣ್ಕ್." ನೀರಿನಲ್ಲಿ ದಾರಿಯೂ ಇಲ್ಲ, ಮೈಲುಗಲ್ಲೂ ಇಲ್ಲ. ಎದುರಿನ ಒತ್ತಿನೆಣೆ ಗುಡ್ಡದ ನೆತ್ತಿಗೆ ಸರಿಯಾಗಿ ದೂರದ ಬೆಟ್ಟ ಬಂದಿತೆಂದರೆ ಬಲಗಡೆಗೆ ನಮ್ಮ ಊರು. ಅಪ್ಪಯ್ಯ ತೀರಿಕೊಂಡು ಹದಿನಾಲ್ಕು ವರ್ಷ. ಎರಡನೆಯ ದಿನ ಸಂಜೆ ಹಡಗು ನಮ್ಮೂರಿನ ಎದುರು ಹಾದುಹೋಗುತ್ತದೆ, ಮೋಡವಿಲ್ಲದಿದ್ದರೆ ಬೆಟ್ಟ ಕಾಣಬಹುದು ಎಂದು ಸುಮತಿ ಫೋನಿನಲ್ಲಿ ಹೇಳಿದಾಗ ಅಮ್ಮ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, "ಅವ್ರ್ ಕಂಡದ್ದ್ ಒಂದ್ಸಲ ನಂಗೂ ಕಾಣ್ಕ್. ನೀ ಬಪ್ಪುದಾರೆ ನಾ ಬತ್ತೆ. ಇಲ್ದಿರೆ ಇಲ್ಲೆ" ಎಂದಳು. ಅಲ್ಲಿಗೆ ನನ್ನ ಬಾಯಿ ಬಂದಾಯಿತು.

ಬಾಯಿ ಬಂದಾದ ಮೇಲೆ ಉಳಿದದ್ದು ಪೆಟ್ಟಿಗೆ. ತುಂಬುತ್ತಿರುವಷ್ಟು ದಿನ ಹೊರಡಬೇಕಾಗಿಲ್ಲ ಎಂಬ ಒಂದು ಮೂರ್ಖ ಸಮಾಧಾನ. ವಾಂತಿಯ ಮಾತ್ರೆ ತಂದೆ, ಒಂದು ಪಟ್ಟಿ ಸಾಲದೆಂದು ಮೂರು ಪಟ್ಟಿ. ಮಾತ್ರೆಯನ್ನೂ ನಂಬದೆ ಕ್ಯಾರಿಬ್ಯಾಗುಗಳನ್ನು ಮಡಚಿ ಅಂಗಿಯ ಜೇಬು, ಪ್ಯಾಂಟಿನ ಜೇಬು, ಕಾಲುಚೀಲದೊಳಗೆಲ್ಲ ಅಡಗಿಸಿದೆ. ಇಸ್ತ್ರಿ ಮಾಡಲು ಬಟ್ಟೆ ತೆಗೆದ ವನಜ ಒಂದೊಂದಾಗಿ ಎಳೆದು ಎಣಿಸಿದಳು, ಇಪ್ಪತ್ತೇಳು. "ಇದೆಂತ ಮರಾಯ್ರೆ, ಹಡ್ಗಂಗೆ ತರ್ಕಾರಿ ಅಂಗ್ಡಿ ಇಡುದಾ?" ಎಂದಳು. ಅವಳಿಗೆ ದೋಣಿಯ ಕತೆ ನಾನು ಹೇಳಿರಲಿಲ್ಲ. ಇಷ್ಟು ವರ್ಷ ಸಂಸಾರ ಮಾಡಿದವಳಿಗೂ ಹೇಳದ ಸಂಗತಿಯನ್ನು ನಿಮಗೆ ಹೇಳುತ್ತಿದ್ದೇನೆ, ನೆನಪಿರಲಿ. ವಿಘ್ನ ಬಾರದಿರಲೆಂದು ಅವಳು ಹಟ್ಟಿಯಂಗಡಿಯ ಗಣಪತಿಗೆ ಹರಕೆ ಹೇಳಿಕೊಂಡ ದಿನವೇ, ಏನಾದರೊಂದು ವಿಘ್ನ ಬರಲಪ್ಪ ಎಂದು ನಾನು ಅದೇ ದೇವರಿಗೆ ಕೈಮುಗಿದೆ. ಗಣಪತಿಗೂ ಪೇಚಾಟವಾಗಿರಬೇಕು.

ದೇವರು ಸುಮ್ಮನಿದ್ದುದರಿಂದ ವಿಘ್ನವನ್ನು ನಾನೇ ತಯಾರಿಸಬೇಕಾಯಿತು. ಮೊನ್ನೆಯಿಂದ ಸೊಂಟ ಹಿಡಿದುಕೊಂಡು ಕುಂಟಲು ಶುರುಮಾಡಿದೆ. ಹೊರಡುವ ದಿನ ಏಳಲಾಗುತ್ತಿಲ್ಲ ಎಂದರೆ ಮುಗಿಯಿತು. ಬೇಕಾದರೆ ವನಜ, ಅಮ್ಮ ಇಬ್ಬರೇ ಹೋಗಲಿ ಎಂದು ಮನಸ್ಸಿಗೆ ಸುಳ್ಳು ಹೇಳಿಕೊಂಡೆ. ನಾನಿಲ್ಲದೆ ಅಮ್ಮ ಹೋಗುವುದಿಲ್ಲ, ಅವಳ ವಯಸ್ಸಿಗೆ ಇನ್ನೊಂದು ಅವಕಾಶವೂ ಬರುವುದಿಲ್ಲ ಎಂಬುದು ಗೊತ್ತಿದ್ದೇ ಕುಂಟಿದೆ. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತಿದೆ.

ಇವತ್ತು ಮಧ್ಯಾಹ್ನ ಊಟವಾದ ಮೇಲೆ ಅಮ್ಮ ಜಗಲಿಯಲ್ಲಿ ಕೂತು ತನ್ನ ಗಂಟು ಕಟ್ಟುತ್ತಿದ್ದಳು. ಗಂಟೆಂದರೆ ಒಂದು ಬಟ್ಟೆಯ ಚೀಲ. ಎರಡು ಸೀರೆ, ಎಲೆಯಡಿಕೆಯ ಸಂಚಿ, ಮೈ ಒರೆಸಲು ಒಂದು ಬೈರಾಸು. ಹತ್ತು ನಿಮಿಷದಲ್ಲಿ ಕಟ್ಟಿ ಮುಗಿಸಿದಳು. ನಾನು ಅವಳ ಮುಂದೆ ಕುಂಟುತ್ತ ಹಾದುಹೋದೆ.

"ನಿನ್ನೆ ಎಡ್ಗಾಲ್ ಕುಂಟ್ತಿದ್ದೆ, ಇವತ್ತ್ ಬಲ್ಗಾಲಾ? ಯಾವ್ದಾರೂ ಒಂದ್ ಕಾಲ್ ಗಟ್ಟಿ ಮಾಡ್ಕೋ ಮಗಾ" ಎಂದಳು.

ನಾನು ಅವಳ ಪಕ್ಕ ಕೂತೆ. ಅವಳು "ಹೆದ್ರಿಕಿ ಆತ್ತಾ?" ಎಂದು ಕೇಳಿದಳು. ಅರವತ್ತೊಂದರ ಮಾಸ್ತರ ನಾನು, ಹೌದೆಂದು ತಲೆಯಾಡಿಸಿದೆ. "ಹಡ್ಗ್ ತಿರ್ಸುಕ್ ಆತಿಲ್ಲೆ ಅಮ್ಮ, ಅವತ್ತಿನ್ ಹಾಂಗೆ" ಎಂದೆ.

ಅಮ್ಮ ಚೀಲದೊಳಗೆ ಕೈಹಾಕಿ ಬಾಳೆಲೆಯ ತುಂಡಿನಲ್ಲಿ ಸುತ್ತಿದ ಎರಡು ಉಂಡೆ ತೆಗೆದಳು. ಉಪ್ಪು, ಮೆಣಸು ಹಾಕಿ ಕುಟ್ಟಿದ ಹುಣಸೆಹಣ್ಣು. "ನಿನ್ನಪ್ಪಯ್ಯಂಗೂ ವಾಂತಿ ಬತ್ತಿತ್ತ್" ಎಂದಳು. "ಮಳಿಗಾಲ ಕಳ್ದ್ ದೋಣಿ ಇಳ್ಸಿದ್ ಮೊದ್ಲಿನ್ ದಿನ, ವರ್ಷ ವರ್ಷವೂ. ಅದ್ಕೇ ಈ ಉಂಡಿ ಸೊಂಟಕ್ ಕಟ್ಕಂಡ್ ಹೋಯ್ತಿದ್ರ್. ಒಂದ್ ಚೂರ್ ಬಾಯಂಗ್ ಹಾಕ್ಕಂಡ್ರೆ ಯಾರಿಗೂ ಗೊತ್ತಾತಿರ್ಲಿಲ್ಲೆ."

"ಮತ್ತೆ ಅವತ್ತ್?"

"ಅವತ್ತ್ ನಿಂಗ್ ಅದ್ ಕಟ್ಟುದ್, ಇದ್ ಕಟ್ಟುದ್ ಗಡಿಬಿಡ್ಯಂಗೆ ಅವ್ರ್ ಉಂಡಿ ಕಟ್ಟುಕೇ ನಾ ಮರ್ತೆ. ಅವ್ರಿಗೂ ತಡ್ಕಂಬುಕ್ ಆಯ್ಲಿಲ್ಲೆ. ನೀ ಕಾರುದ್ ಕಂಡದ್ದೇ, ನಿನ್ನ್ ಹೆಸ್ರ್ ಹೇಳಿ ದೋಣಿ ತಿರ್ಸದ್ರ್." ಅಮ್ಮ ಎಲೆಗೆ ಸುಣ್ಣ ಹಚ್ಚಿದಳು. "ಯಾರಿಗೂ ಹೇಳ್ಬೇಡ ಅಂದಿದ್ರ್. ಇಷ್ಟ್ ವರ್ಷ ಹೇಳ್ಲಿಲ್ಲೆ. ಈಗ ಹೇಳ್ದಿರೆ ನೀ ಹಡ್ಗ್ ಹತ್ತುದಿಲ್ಲೆ."

ನನಗೆ ಮೊದಲು ಸಿಟ್ಟು ಬಂತು. ಹೊಟ್ಟೆ ಹಿಡಿದು ಬಗ್ಗುತ್ತಿದ್ದ ಹುಡುಗರೆಲ್ಲ ಸಾಲಾಗಿ ಕಣ್ಣೆದುರು ಬಂದರು. ಹನ್ನೆರಡರ ಹುಡುಗನ ತಲೆಗೆ ಇಷ್ಟು ದೊಡ್ಡ ಮೂಟೆ ಹೊರಿಸಿ, ತಾವು ಮಾತ್ರ ಬೆನ್ನು ನೆಟ್ಟಗೆ ಮಾಡಿಕೊಂಡು ದಡಕ್ಕೆ ಇಳಿದರಲ್ಲ! ಆಮೇಲೆ ಆ ದಿನದ ಅಪ್ಪಯ್ಯನ ಮುಖ ನೆನಪಿಗೆ ಬಂತು. ಬೆವರುತ್ತಿತ್ತು, ತುಟಿ ಬಿಗಿದಿತ್ತು. ಅದು ನನ್ನ ಮೇಲಿನ ಸಿಟ್ಟೆಂದು ತಿಳಿದು ನಾನು ಇಷ್ಟು ವರ್ಷ ಹೆದರಿದ್ದೆ. ನಗು ಬಂತು. ನಗುತ್ತ ನಗುತ್ತ ಕಣ್ಣಲ್ಲಿ ನೀರೂ ಬಂತು. ಅವರು ಇದ್ದಿದ್ದರೆ ಒಮ್ಮೆ ಎದುರು ಕೂರಿಸಿಕೊಂಡು ಕಿವಿಯ ಪಾಠ ಮಾಡಬಹುದಿತ್ತು.

ಒಂದು ಉಂಡೆಯನ್ನು ಅಮ್ಮ ನನ್ನ ಕೈಗೆ ಹಾಕಿದಳು. ಇನ್ನೊಂದು ನಿನಗಾ ಎಂದು ಕೇಳಿದೆ.

"ನಂಗೆಂತಕೆ? ಅದ್ ಅವ್ರದ್ದ್. ಕೊಡ್ಚಾದ್ರಿ ಕಂಡಲ್ಲಿ ನೀರಿಗ್ ಹಾಕ್ಕ್. ಅವತ್ತ್ ಕಟ್ಟಿ ಕೊಡುಕ್ ಮರ್ತದ್ದ್."

ಹಾಗಾಗಿ ಸಂಜೆಯಿಂದ ಪೆಟ್ಟಿಗೆ ಬಿಚ್ಚುತ್ತಿದ್ದೇನೆ. ಅವಲಕ್ಕಿ ಡಬ್ಬಕ್ಕೆ ಹೋಯಿತು, ಒಂದು ಟಾರ್ಚು ಗೋಡೆಯ ಮೊಳೆಗೆ ಹೋಯಿತು, ಇಪ್ಪತ್ತೇಳು ಕ್ಯಾರಿಬ್ಯಾಗಿನಲ್ಲಿ ಇಪ್ಪತ್ತು ಅಡುಗೆಮನೆಗೆ ಹೋದವು. ಏಳು ಉಳಿಸಿಕೊಂಡಿದ್ದೇನೆ, ಹೆದರಿಕೆ ಪೂರ್ತಿ ಹೋಗಿದೆ ಎಂದು ನಿಮ್ಮ ಹತ್ತಿರ ಸುಳ್ಳು ಯಾಕೆ ಹೇಳಲಿ? ಸೀಟಿಯೂ ಇರಲಿ. ನಾಳೆ ಬೆಳಿಗ್ಗೆ ರೈಲು. ಗ್ಯಾಸ್ ಬಂದ್ ಮಾಡುವ ಕೆಲಸವನ್ನು ವನಜ ನನ್ನಿಂದ ಕಿತ್ತುಕೊಂಡಿದ್ದಾಳೆ.

ಈಗ ಉಳಿದಿರುವುದು ಒಂದೇ ಚಿಂತೆ. ಸುಮತಿಯ ಪಟ್ಟಿಯನ್ನು ಇನ್ನೊಮ್ಮೆ ಓದಿದಾಗ ಕೊನೆಯಲ್ಲಿ ಹಡಗಿನ ನಿಯಮಗಳೂ ಕಂಡವು. ಹೊರಗಿನ ತಿಂಡಿಯನ್ನು ಹಡಗಿಗೆ ಬಿಡುವುದಿಲ್ಲವಂತೆ. ಹಡಗಿನಿಂದ ಸಮುದ್ರಕ್ಕೆ ಏನನ್ನೂ ಎಸೆಯಬಾರದಂತೆ. ಬದುಕಿನಲ್ಲಿ ಶಾಲೆಯ ಒಂದು ನಿಯಮವನ್ನೂ ಮುರಿಯದ ನಾನು ಸೊಂಟದಲ್ಲಿ ಹುಣಸೆ ಉಂಡೆ ಕಟ್ಟಿಕೊಂಡು ಆ ಬಾಗಿಲು ದಾಟಬೇಕು, ಎರಡನೆಯ ದಿನ ಸಂಜೆ ಯಾರೂ ನೋಡದ ಹಾಗೆ ಅಪ್ಪಯ್ಯನ ಪಾಲಿನದನ್ನು ನೀರಿಗೆ ಬಿಡಬೇಕು. ಸಿಕ್ಕಿಬಿದ್ದರೆ ಏನು ಹೇಳುವುದೆಂದು ಬಹಳ ಯೋಚಿಸಿದೆ. ಅಪ್ಪಯ್ಯನ ಹೆಸರು ಹೇಳುತ್ತೇನೆ. ಅವರೂ ಒಮ್ಮೆ ನನ್ನ ಹೆಸರು ಹೇಳಿದ್ದರಲ್ಲ.