ವಿಮಾನ ಕಂಪನಿಯ ಮ್ಯಾನೇಜರ್ ನರಸೀಪುರದಲ್ಲಿ ಕಾದದ್ದು

2005ನೆಯ ಇಸವಿ ಎಂದು ಬರೆಯಲು ಹೊರಟು ನಿಲ್ಲಿಸಿದೆ. ಆರೂ ಇರಬಹುದು. ನಾನಾಗ ತಿ. ನರಸೀಪುರದಲ್ಲಿ ವಕೀಲ; ವಾರಕ್ಕೆರಡು ದಿನ ನಂಜನಗೂಡಿನ ಕೋರ್ಟಿಗೂ ಹೋಗುತ್ತಿದ್ದೆ. ಕಡಿಮೆ ದರದ ಹೊಸ ವಿಮಾನ ಕಂಪನಿಗಳು ಒಂದರ ಹಿಂದೊಂದು ಹುಟ್ಟುತ್ತಿದ್ದ ಕಾಲ. ನಮ್ಮ ಬಸ್ ಸ್ಟ್ಯಾಂಡಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲೂ ವಿಮಾನದ ಟಿಕೆಟ್ ಸಿಗುತ್ತಿತ್ತು. ಈ ಪ್ರಕರಣವನ್ನು ವಕೀಲರ ಕೊಠಡಿಯಲ್ಲಿ ಎಷ್ಟು ಸಲ ಹೇಳಿದ್ದೇನೆಂದರೆ, ನಡೆದದ್ದು ಯಾವುದು, ನಗಿಸಲು ನಾನು ಸೇರಿಸಿದ್ದು ಯಾವುದು ಎಂಬುದೇ ಬೆರೆತುಹೋಗಿದೆ. ಆದ್ದರಿಂದ ಹಳೆಯ ಫೈಲನ್ನು ಪಕ್ಕದಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ.

ಕಕ್ಷಿದಾರನ ಹೆಸರು ಶಿವಮಲ್ಲು. ಹೆಮ್ಮರಗಾಲದವನು, ಸರ್ಕಾರಿ ಬಸ್ಸಿನ ಕಂಡಕ್ಟರ್. ಅವನ ತಮ್ಮ ಮಾದೇವ ಹದಿನೈದು ವರ್ಷಗಳ ಹಿಂದೆ ಮನೆ ಬಿಟ್ಟು ಹೋದವನು ಸಿಕ್ಕಿರಲಿಲ್ಲ. ಒಂದು ಬುಧವಾರ ಮುಂಬೈನ ಆಸ್ಪತ್ರೆಯೊಂದರಿಂದ, ಮಳವಳ್ಳಿ ಕಡೆಯ ನರ್ಸ್ ಒಬ್ಬಳು ಬಸ್ ಡಿಪೋಗೆ ಫೋನ್ ಮಾಡಿದಳು. ಜ್ವರದಲ್ಲಿ ಬಿದ್ದಿದ್ದ ರೋಗಿ ಕನ್ನಡದಲ್ಲಿ ಊರಿನ ಹೆಸರು, ಕಂಡಕ್ಟರ್ ಅಣ್ಣನ ಹೆಸರು ಹೇಳಿದ್ದಾನೆ. ಗುರುವಾರ ಸಂಜೆ ಐದಕ್ಕೆ ಅವನನ್ನು ಬಿಡುಗಡೆ ಮಾಡುತ್ತಾರೆ. ಅಲ್ಲಿಯವರೆಗೆ ಇಟ್ಟುಕೊಂಡಿರುತ್ತೇನೆ, ಬನ್ನಿ ಎಂದಳು.

ರೈಲಿನಲ್ಲಿ ಹೋದರೆ ಗುರುವಾರ ರಾತ್ರಿಯಾಗುತ್ತಿತ್ತು. ಶಿವಮಲ್ಲು ಮೊದಲ ಬಾರಿಗೆ ವಿಮಾನದ ಟಿಕೆಟ್ ಕೊಂಡ. ಬೆಂಗಳೂರಿನಿಂದ ಬೆಳಿಗ್ಗೆ ಎಂಟಕ್ಕೆ ಹೊರಡಬೇಕಿದ್ದ ವಿಮಾನ. ಎಂಟಕ್ಕೆ ‘ಒಂದು ಗಂಟೆ ತಡ’ ಎಂದರು. ಒಂಬತ್ತಕ್ಕೆ ಮತ್ತೆ ಒಂದು ಗಂಟೆ. ಹನ್ನೊಂದಕ್ಕೆ ಬೇರೆ ಕಂಪನಿಯ ವಿಮಾನವೊಂದು ಮುಂಬೈಗೆ ಹೋಯಿತು. ಅದರಲ್ಲಿ ಸೀಟುಗಳಿದ್ದವು, ಶಿವಮಲ್ಲುವಿನ ಜೇಬಿನಲ್ಲಿ ಹಣವೂ ಇತ್ತು. ನಮ್ಮದು ಇನ್ನೇನು ಹೊರಡುತ್ತದೆ ಎಂಬ ಕಂಪನಿಯವರ ಮಾತನ್ನು ನಂಬಿ ಅವನು ಕುಳಿತ. ಸಂಜೆ ನಾಲ್ಕಕ್ಕೆ ವಿಮಾನ ರದ್ದು ಎಂದರು. ಮರುದಿನ ಮುಂಬೈ ಮುಟ್ಟಿದಾಗ ಹಾಸಿಗೆ ಖಾಲಿ.

“ಕತ್ಲಾಗೋಗಂಟ ಆಸ್ಪತ್ರೆ ಗೇಟ್ ತಾವ ಕುಂತಿದ್ನಂತೆ ಸಾ,” ಎಂದ ಶಿವಮಲ್ಲು ನನ್ನ ಕಚೇರಿಯಲ್ಲಿ. “ಅಣ್ಣ ಬತ್ತಾನೆ ಅಂತ ಆ ನರ್ಸಮ್ಮ ಏಳಿತ್ತಂತೆ. ಆಮೇಲೆ ಎದ್ದು ಒಂಟೋದ್ನಂತೆ. ನಮ್ ಬಸ್ ಕೆಟ್ಟೋದ್ರೆ ಕೆಟ್ಟೋಯ್ತು ಅಂತೀವಿ. ಇಳೀರಿ, ಇಂದ್ಲ ಗಾಡಿ ಅತ್ಕೊಳ್ಳಿ ಅಂತೀವಿ. ಜನ ಬಯ್ತಾರೆ, ಬೈಸ್ಕತೀವಿ. ಇವ್ರು ಯಾಕ್ ಸಾ ಏಳ್ಲಿಲ್ಲ?”

ಗ್ರಾಹಕರ ವೇದಿಕೆಗೆ ಹೋಗು, ಪರಿಹಾರ ಸಿಗುತ್ತದೆ ಎಂದೆ.

“ದುಡ್ಡು ಯಾರಿಗ್ ಬೇಕು? ಆ ಮ್ಯಾನೇಜರು ಬಂದು ಕಾಯ್ಬೇಕು ಸಾ. ನಾನ್ ಕಾದಂಗೆ.”

ಟಿಕೆಟ್ ಕೊಂಡದ್ದು ನರಸೀಪುರದಲ್ಲಿ. ಹಾಗಾಗಿ ನಮ್ಮ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲೇ ವಂಚನೆಯ ಖಾಸಗಿ ದೂರು ಹಾಕಿದೆ. ಖಾಸಗಿ ದೂರೆಂದರೆ ಪೊಲೀಸರನ್ನು ಬಿಟ್ಟು ನೇರವಾಗಿ ನ್ಯಾಯಾಧೀಶರಿಗೆ ಕೊಡುವ ದೂರು. ಟಿಕೆಟ್ ಮಾರುವಾಗಲೇ ಮೋಸದ ಉದ್ದೇಶವಿತ್ತೆಂದು ತೋರಿಸಲಾಗದಿದ್ದರೆ ವಂಚನೆ ನಿಲ್ಲುವುದಿಲ್ಲ. ಅದು ನನಗೆ ಮೊದಲ ದಿನವೇ ಗೊತ್ತಿತ್ತು, ಶಿವಮಲ್ಲುವಿಗೂ ಹೇಳಿದ್ದೆ. ಆದರೆ ಇಂಥ ದೂರಿನಲ್ಲಿ ಆರೋಪಿ ಪ್ರತಿ ವಾಯಿದೆಗೂ, ಅಂದರೆ ಕೇಸ್ ಕೂಗುವ ಪ್ರತಿ ದಿನವೂ, ಖುದ್ದಾಗಿ ಬರಬೇಕು. ನಮಗೆ ಬೇಕಾದದ್ದು ಅಷ್ಟೇ.

ಆರೋಪಿ ಶ್ರೀಧರ್, ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಆ ಕಂಪನಿಯ ಮ್ಯಾನೇಜರ್. ಸಮನ್ಸ್ ಮುಟ್ಟುವ ಹೊತ್ತಿಗೆ ಮುಂಬೈಗೆ ವರ್ಗವಾಗಿತ್ತು. ಒಂದು ವಾಯಿದೆಗೆ ಅವನು ಬರಲಿಲ್ಲ. ವಿಮಾನ ತಡ ಎಂದರು ಅವನ ವಕೀಲರು. “ಎಷ್ಟು ತಡ ಅಂತ ಮೊದಲೇ ಹೇಳ್ಲಿಲ್ವಂತೇನ್ರೀ?” ಎಂದು ನ್ಯಾಯಾಧೀಶರು ವಾರಂಟ್ ಹೊರಡಿಸಿದರು. ಅದು ಅವನ ಕಂಪನಿಯದೇ ವಿಮಾನ ಎಂದು ನಾನು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಫೈಲಿನಲ್ಲಿ ‘ಆರೋಪಿ ಗೈರು’ ಎಂದಷ್ಟೇ ಇದೆ. ನ್ಯಾಯಾಧೀಶರ ಮಾತೂ ಅಲ್ಲಿಲ್ಲ. ಆದರೆ ಅದನ್ನು ನಾನು ಕಿವಿಯಾರೆ ಕೇಳಿದ್ದೇನೆ, ಬಿಡುವುದಿಲ್ಲ.

ಆಮೇಲಿನದನ್ನು ಹೇಳಲು ಫೈಲು ಬೇಡ. ಕೋರ್ಟಿನಲ್ಲಿ ‘ಪಾಸ್ ಓವರ್’ ಎಂಬ ಪದ್ಧತಿಯಿದೆ. ಕೇಸ್ ಕೂಗಿದಾಗ ಕಕ್ಷಿದಾರ ಬಂದಿಲ್ಲದಿದ್ದರೆ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೂಗಿ ಎಂದು ವಕೀಲ ಕೇಳಬಹುದು. ಪ್ರತಿ ವಾಯಿದೆಗೂ ನಾನು ಅದನ್ನೇ ಕೇಳಿದೆ. ಹೆಮ್ಮರಗಾಲದ ಬಸ್ ತಡವಾಗಿದೆ ಸ್ವಾಮಿ, ಇನ್ನೊಂದು ಗಂಟೆಯಲ್ಲಿ ಬರುತ್ತಾನೆ. ಹನ್ನೆರಡಕ್ಕೆ ಅದೇ ಮಾತು. ಊಟದ ನಂತರವೂ ಅದೇ, ಸಂಜೆಗೆ ಮುಂದಿನ ವಾಯಿದೆ. ಶಿವಮಲ್ಲು ಎಲ್ಲಿದ್ದ? ರಸ್ತೆಯಾಚೆ ಟೀ ಅಂಗಡಿಯ ಬೆಂಚಿನ ಮೇಲೆ, ಕೋರ್ಟಿನ ವರಾಂಡ ಚೆನ್ನಾಗಿ ಕಾಣುವ ಕಡೆ. ಆ ವರಾಂಡದಲ್ಲಿ ಶ್ರೀಧರ್ ಬೂಟು ಹಾಕಿಕೊಂಡು ನಿಂತಿರುತ್ತಿದ್ದ. ಕೂರಲು ಜಾಗವಿರಲಿಲ್ಲ.

ಟೀ ಅಂಗಡಿಯ ನಿಂಗಣ್ಣ ಕೇಳುತ್ತಿದ್ದ: “ಲೇ ಶಿವಮಲ್ಲು, ನಿನ್ ಇಮಾನ ಇನ್ನೂ ಇಳೀಲಿಲ್ವೇನ್ಲಾ?”

“ತಡ್ಕಳಣ್ಣೋ. ಪೈಲೇಟು ಇನ್ನೂ ಮಕ ತೊಳೀತಾವ್ನೆ.”

ನಾನೂ ನಕ್ಕಿದ್ದೇನೆ. ನ್ಯಾಯಾಲಯಕ್ಕೆ ಸುಳ್ಳು ಹೇಳಿದೆನೆಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಖುಷಿಯಿಂದಲೇ ಹೇಳಿದೆ.

ಏಳನೆಯ ವಾಯಿದೆಯಂದು, ಮಧ್ಯಾಹ್ನ ಮೂರರ ಹೊತ್ತಿಗೆ ಶ್ರೀಧರ್ ನನ್ನ ಹತ್ತಿರ ಬಂದ. “ಸಾರ್, ಅವರು ಬರ್ತಾರೋ ಇಲ್ವೋ? ಇಲ್ಲ ಅಂದ್ರೆ ಇಲ್ಲ ಅಂತ ಹೇಳಿಬಿಡಿ. ನನ್ನ ಹೆಂಡ್ತಿನ ಹೆರಿಗೆಗೆ ಸೇರಿಸಿದ್ದಾರೆ. ಅವರು ಬರಲ್ಲ ಅಂತ ಗೊತ್ತಾದ್ರೆ ನಾನು ಅರ್ಜಿ ಕೊಟ್ಟು ಹೊರಡ್ತೀನಿ.”

ನಾನು ಟೀ ಅಂಗಡಿಯತ್ತ ನೋಡಿದೆ. ಬೇಕೆಂದೇ ನೋಡಿದೆನೋ ಅಭ್ಯಾಸದಿಂದಲೋ, ಇವತ್ತಿಗೂ ಹೇಳಲಾರೆ. ಅವನೂ ನೋಡಿದ. ಶಿವಮಲ್ಲು ಖಾಕಿ ಅಂಗಿಯಲ್ಲಿ ಕುಳಿತಿದ್ದ. ಶ್ರೀಧರ್ ರಸ್ತೆ ದಾಟಿದ. ನಾನು ಹಿಂದೆಯೇ ಹೋದೆ.

“ನೀವು ಇಲ್ಲೇ ಇದ್ರಾ?”

“ಒಂಬತ್ತೂವರೆಯಿಂದ ಇಲ್ಲೇ ಅವ್ನಿ.”

ಶ್ರೀಧರನ ಮುಖ ಕೆಂಪಾಯಿತು. ಕೂಗಾಡುತ್ತಾನೆ ಎಂದುಕೊಂಡೆ. ಕೂಗಾಡಲಿಲ್ಲ. “ಅವತ್ತು ಬೆಳಿಗ್ಗೆ ಏಳಕ್ಕೇ ಗೊತ್ತಿತ್ತು ನನಗೆ,” ಎಂದ. “ವಿಮಾನ ಕೆಟ್ಟು ಬೇರೆ ಊರಲ್ಲಿ ನಿಂತಿತ್ತು. ರದ್ದು ಅಂದ್ರೆ ಜನ ಎಲ್ಲ ಬೇರೆ ಕಂಪನಿಗೆ ಹೋಗ್ತಾರೆ, ತಡ ಅಂತಲೇ ಹೇಳು ಅಂದ್ರು ಮೇಲಿನವರು. ಹೇಳಿದೆ.”

“ಏಳ್ ಗಂಟೆಗೇ,” ಎಂದ ಶಿವಮಲ್ಲು.

“ಹೂಂ.”

“ನನ್ ತಮ್ಮ ಗೇಟಲ್ಲಿ ಕುಂತಿದ್ದ ಕಣಯ್ಯ.”

ನಾನು ಶಿವಮಲ್ಲುವನ್ನು ಪಕ್ಕಕ್ಕೆ ಕರೆದು, ನಿಜ ಬಾಯಿಗೆ ಬಂತಲ್ಲ, ರಾಜಿ ಬರೆಸೋಣವೇ ಎಂದು ಕೇಳಿದೆ.

“ನಿಜ ಏಳ್ದ, ಸರಿ. ಇವತ್ತು ಕಳ್ಸಿ, ಎಂಡ್ತಿ ತಾವ ಓಗ್ಲಿ. ಕೇಸು ಬುಡಬ್ಯಾಡಿ ಸಾ. ನಮ್ ಮಾದೇವ ಸಿಕ್ಕೋಗಂಟ ಇವ್ನು ಬತ್ತಾ ಇರ್ಲಿ.”

ಬತ್ತಾ ಇದ್ದ. ಮರುವರ್ಷ ಕಂಪನಿ ಮುಚ್ಚಿತು. ಶ್ರೀಧರ್ ಕೆಲಸವಿಲ್ಲದವನಾಗಿ, ಮೈಸೂರಿನಿಂದ ಬಸ್ಸಿನಲ್ಲಿ ನಿಂತುಕೊಂಡು ಬಂದ. ಶಿವಮಲ್ಲು ರಜೆ ಸಿಕ್ಕಾಗಲೆಲ್ಲ ಮುಂಬೈಗೆ ಹೋಗಿ ಆ ಆಸ್ಪತ್ರೆಯ ಸುತ್ತಿನ ಬೀದಿಗಳನ್ನು ಹುಡುಕಿ ಬರುತ್ತಿದ್ದ, ರೈಲಿನಲ್ಲಿ. ಮಾದೇವ ಸಿಗಲಿಲ್ಲ.

ಕಡೆಗೆ, ನಾನು ನಿರೀಕ್ಷಿಸಿದ ಕಾರಣಕ್ಕೇ, ನ್ಯಾಯಾಧೀಶರು ಶ್ರೀಧರನನ್ನು ಕೇಸಿನಿಂದ ಬಿಡುಗಡೆ ಮಾಡಿದರು. ಹೊರಗೆ ಬಂದ ಶಿವಮಲ್ಲು ಕೇಳಿದ: “ಮುಂದಿನ ವಾಯಿದೆ ಯಾವತ್ತು ಸಾ?”

ಮೂವತ್ತು ವರ್ಷದ ವಕೀಲಿ ನನಗೆ ಕಲಿಸಿದ್ದು ಇದು: ತೀರ್ಪು ಬೇಕೆಂದು ಬರುವವರು ಕೆಲವರು, ವಾಯಿದೆ ಬೇಕೆಂದು ಬರುವವರು ಕೆಲವರು. ಎರಡನೆಯವರಿಗೆ ಸಮಾಧಾನ ಹೇಳುವುದು ವಕೀಲನ ಕೆಲಸವಲ್ಲ. ಮೈಸೂರಿನ ಸೆಷನ್ಸ್ ಕೋರ್ಟಿನಲ್ಲಿ ಆ ಆದೇಶವನ್ನು ಪ್ರಶ್ನಿಸಿ ಅರ್ಜಿ ಹಾಕಿದೆ. ನಿಲ್ಲುವುದಿಲ್ಲ ಎಂದು ಗೊತ್ತಿದ್ದೇ ಹಾಕಿದೆ. ಶ್ರೀಧರನಿಗೆ ನೋಟಿಸು ಮುಟ್ಟಿತು.